ಹಳೆಯ ಸಿಹಿನೀರಿನ ತೊಟ್ಟಿಯಲ್ಲಿ ಹವಳ: ಅಗ್ಗದ ‘ಪರಿವರ್ತನೆ ಪೆಟ್ಟಿಗೆ’ಯೊಂದರ ವಿಮರ್ಶೆ

ಸಿಹಿನೀರಿನ ಅಕ್ವೇರಿಯಂ ಇರುವವರು ಅದನ್ನೇ ಉಪ್ಪುನೀರಿಗೆ ಬದಲಿಸಿಕೊಂಡು ಕಡಿಮೆ ಖರ್ಚಿನಲ್ಲಿ ಹವಳ ಬೆಳೆಸಬಹುದು ಎಂಬ ಭರವಸೆಯೊಡನೆ ಮಾರಾಟವಾಗುವ ಸಿದ್ಧ ಪೆಟ್ಟಿಗೆಗಳಲ್ಲಿ ಒಂದನ್ನು ಹನ್ನೊಂದು ತಿಂಗಳ ಹಿಂದೆ ಕೊಂಡುಕೊಂಡೆ. ಹೆಚ್ಚುಕಡಿಮೆ ಇವೇ ಸಾಮಗ್ರಿಗಳು ಬೇರೆ ಬೇರೆ ಲೇಬಲ್ ಹಚ್ಚಿಕೊಂಡು ಎಲ್ಲೆಡೆ ಸಿಗುವುದರಿಂದ ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ. ಒಳಗಿದ್ದ ವಸ್ತುಗಳು ಮುಖ್ಯ. 3 ಕಿಲೊ ಸಮುದ್ರ ಲವಣ, ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಮುಳ್ಳು ಮೇಲೇಳುವ ಪ್ಲಾಸ್ಟಿಕ್ ಹೈಡ್ರೋಮೀಟರ್, 10 ಕಿಲೊ ಅರಗೊನೈಟ್ (ಸುಣ್ಣದ ಖನಿಜ) ಮರಳು, ಒಂದು ಬಾಟಲಿ ಬ್ಯಾಕ್ಟೀರಿಯಾ, ಕ್ಲೋರಿನ್ ತೆಗೆಯುವ ಕಂಡಿಷನರ್, ಗಂಟೆಗೆ 3000 ಲೀಟರ್ ನೀರು ತಳ್ಳುವ ವೇವ್‌ಮೇಕರ್, ನೀಲಿ ಮತ್ತು ಬಿಳಿ ಎಂಬ ಎರಡು ಸಾಲುಗಳ ಎಲ್‌ಇಡಿ ದೀಪ, ನೀರಿನಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷಾ ಪಟ್ಟಿಗಳು ಮತ್ತು ಎಂಟು ಪುಟಗಳ ಕೈಪಿಡಿ. ತೊಟ್ಟಿ, ಕಲ್ಲು, ಹೀಟರ್, ಫಿಲ್ಟರ್ ನಮ್ಮವೇ ಇರಬೇಕು.

ನನ್ನ ಬಳಿ ಇದ್ದದ್ದು 90 ಸೆಂಟಿಮೀಟರ್ ಉದ್ದ, 35 ಅಗಲ, 35 ಎತ್ತರದ ಸಾಧಾರಣ ಗಾಜಿನ ತೊಟ್ಟಿ. ಲೆಕ್ಕಕ್ಕೆ 110 ಲೀಟರ್, ಕಲ್ಲು ಮರಳು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ನಿಜವಾಗಿ ಹಿಡಿಯುವುದು ಸುಮಾರು 90 ಲೀಟರ್. ಅದರಲ್ಲಿ ಐದಾರು ವರ್ಷ ಟೆಟ್ರಾ, ಗಪ್ಪಿ ಮೀನುಗಳಿದ್ದವು. ಅವುಗಳನ್ನು ಸಾಕಬಲ್ಲವರಿಗೆ ಕೊಟ್ಟ ಮೇಲೆಯೇ ಕೆಲಸ ಆರಂಭಿಸಿದೆ, ಏಕೆಂದರೆ ತೊಟ್ಟಿ ಬದಲಾಗಬಹುದೇ ಹೊರತು ಟೆಟ್ರಾ ಮೀನಿನ ದೇಹ ಸಮುದ್ರದ ಉಪ್ಪಿಗೆ ಒಗ್ಗುವುದಿಲ್ಲ. (ಮೋಲಿ ಮೀನು ಇದಕ್ಕೆ ಅಪವಾದ; ನಿಧಾನವಾಗಿ ಒಗ್ಗಿಸಿದರೆ ಅದು ಪೂರ್ಣ ಉಪ್ಪುನೀರಿನಲ್ಲೂ ಬದುಕುತ್ತದೆ.)

ಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಉಳಿತಾಯ ಮಾಡಬಹುದಾದ ಕಡೆ ಜಾಣತನದಿಂದ ಉಳಿಸಿದೆ, ಉಳಿತಾಯ ಮಾಡಲೇಬಾರದ ಕಡೆಯೂ ಉಳಿಸಿದೆ. ಎರಡನೆಯ ಗುಂಪಿಗೆ ಸೇರುವವು ಎರಡೇ: ನೀರು ಮತ್ತು ಅಳತೆ. ಆ ಎರಡರಲ್ಲಿ ಮಾಡಿದ ಉಳಿತಾಯಕ್ಕೆ ನಾನು ತೆತ್ತ ಬೆಲೆ ನಾಲ್ಕು ತಿಂಗಳು.

ಅಳತೆಯಿಂದಲೇ ಆರಂಭಿಸುತ್ತೇನೆ. ಸಮುದ್ರದ ನೀರಿನ ಲವಣಾಂಶ ಸಾವಿರಕ್ಕೆ ಸುಮಾರು 35 ಭಾಗ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇದರ ಸಾಪೇಕ್ಷ ಸಾಂದ್ರತೆ, ಅಂದರೆ ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ, 1.026ರ ಆಸುಪಾಸು. ಲವಣದ ಮಿಶ್ರಣದಲ್ಲಿ ಸ್ವಲ್ಪ ತೇವಾಂಶವೂ ಸೇರಿರುವುದರಿಂದ ಈ ಮಟ್ಟಕ್ಕೆ ಬರಲು ಲೀಟರಿಗೆ 36ರಿಂದ 38 ಗ್ರಾಂ ಪುಡಿ ಬೇಕಾಗುತ್ತದೆ. ಹೀಗಿರುವಾಗ ‘100 ಲೀಟರಿಗೆ ಸಾಕು’ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿ ಒಳಗೆ 3 ಕಿಲೊ ಲವಣ ಇಟ್ಟಿರುವುದು ಸರಳ ಗುಣಾಕಾರಕ್ಕೇ ಸಿಕ್ಕಿಬೀಳುವ ತಪ್ಪು. ನಾನು ಆ ಗುಣಾಕಾರ ಮಾಡಲಿಲ್ಲ. ಡ್ರಮ್ಮಿನಲ್ಲಿ 100 ಲೀಟರ್ ನೀರಿಗೆ ಇಡೀ ಚೀಲ ಸುರಿದು, ಒಂದು ದಿನ ಕಲಕಿ, ಜೊತೆಗೆ ಬಂದಿದ್ದ ಹೈಡ್ರೋಮೀಟರಿನಲ್ಲಿ ನೋಡಿದೆ, ಮುಳ್ಳು 1.025 ತೋರಿಸಿತು. ಉಪಕರಣವೇ ಸರಿ ಎಂದ ಮೇಲೆ ಅನುಮಾನಿಸುವ ಕಾರಣ ಕಾಣಲಿಲ್ಲ.

ಎರಡನೆಯ ತಿಂಗಳಲ್ಲಿ ತಂದ ಮೊದಲ ಮಶ್ರೂಮ್ ಹವಳ ಹದಿನೈದು ದಿನವಾದರೂ ಅರಳದೆ ಮುದುಡಿಕೊಂಡೇ ಇದ್ದಾಗ ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರಿಂದ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಪರಿಚಿತರೊಬ್ಬರಿಂದ ತಂದು ನೋಡಿದೆ. ಲವಣಾಂಶ 28 ಇತ್ತು. ಮುಳ್ಳಿನ ಹೈಡ್ರೋಮೀಟರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ಮುಳ್ಳಿಗೆ ಅಂಟಿಕೊಂಡರೆ ಅದು ಇರುವುದಕ್ಕಿಂತ ಮೇಲಕ್ಕೆ ತೇಲುತ್ತದೆ. ಉಪ್ಪು ಗಟ್ಟಿದರೆ ಭಾರವಾಗಿ ಕೆಳಗೆ ನಿಲ್ಲುತ್ತದೆ. ಲವಣ ಕಡಿಮೆ ಇತ್ತು, ಕಡಿಮೆ ಇದೆ ಎಂದು ಹೇಳಬೇಕಾದ ಉಪಕರಣ ಹೆಚ್ಚು ತೋರಿಸಿತು; ಒಂದೇ ಪೆಟ್ಟಿಗೆಯ ಎರಡು ದೋಷಗಳು ಒಂದನ್ನೊಂದು ಮುಚ್ಚಿಹಾಕಿದವು. ಆವಿಯಾದ ನೀರಿನ ಬದಲಿಗೆ ಕೆಲವು ದಿನ ಉಪ್ಪುನೀರನ್ನೇ ತುಂಬುತ್ತ ಹತ್ತು ದಿನಗಳಲ್ಲಿ ಲವಣಾಂಶವನ್ನು 35ಕ್ಕೆ ಏರಿಸಿದ ಮೇಲೆ ಅದೇ ಹವಳ ಅಂಗೈಯಷ್ಟು ಅಗಲಕ್ಕೆ ಅರಳಿತು.

ಆದ್ದರಿಂದ ರಿಫ್ರ್ಯಾಕ್ಟೋಮೀಟರ್ ಒಂದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಅಗ್ಗದ್ದೇ ಸಾಕು, ಆದರೆ ಶುದ್ಧ ನೀರು ಹಾಕಿ ಸೊನ್ನೆಗೆ ಹೊಂದಿಸಿದರಷ್ಟೇ ಸಾಲದು; ನಾವು ಅಳೆಯುವ ಮಟ್ಟದಲ್ಲೇ, ಅಂದರೆ 35ರಲ್ಲೇ, ಹೊಂದಿಸಬೇಕು. ಅದಕ್ಕೆ ಬೇಕಾದ ದ್ರಾವಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: 963.5 ಗ್ರಾಂ ಶುದ್ಧ ನೀರಿನಲ್ಲಿ 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ಕರಗಿಸಿದರೆ ಅದು ಬೆಳಕನ್ನು ಬಾಗಿಸುವ ಪ್ರಮಾಣ 35ರ ಸಮುದ್ರನೀರು ಬಾಗಿಸುವುದಕ್ಕೆ ಸಮ. ಒಂದು ಸಣ್ಣ ತಕ್ಕಡಿಯಿದ್ದರೆ ಮುಗಿಯಿತು.

ಪರೀಕ್ಷಾ ಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಲಾಬಿಯ ಎರಡು ಛಾಯೆಗಳ ನಡುವೆ ನೈಟ್ರೇಟ್ 10 ಇದೆಯೋ 50 ಇದೆಯೋ ಎಂದು ಊಹಿಸುವುದು ಪರೀಕ್ಷೆಯಲ್ಲ. ಸಿಹಿನೀರಿನ ಕಾಲದ ಹನಿ-ಪರೀಕ್ಷೆಯ ಕಿಟ್ ಇದ್ದವರು ಅದನ್ನು ಎಸೆಯಬಾರದು: ಕ್ಷಾರೀಯತೆಯನ್ನು (ಪಿಎಚ್ ಏರಿಳಿಯದಂತೆ ತಡೆಯುವ ನೀರಿನ ಶಕ್ತಿಯನ್ನು) ಅಳೆಯುವ ಕೆಎಚ್ ಕಿಟ್ ಉಪ್ಪುನೀರಿನಲ್ಲೂ ಸರಿಯಾಗಿ ಕೆಲಸ ಮಾಡುತ್ತದೆ. 6ರಿಂದ 7.6ರವರೆಗೆ ಮಾತ್ರ ತೋರಿಸುವ ಪಿಎಚ್ ಕಿಟ್ ಮಾತ್ರ ಪ್ರಯೋಜನಕ್ಕೆ ಬಾರದು, ಏಕೆಂದರೆ ಇಲ್ಲಿ ನಮಗೆ ಬೇಕಾಗಿರುವುದು 8.0ರಿಂದ 8.3.

ಇನ್ನು ನೀರಿನ ವಿಚಾರ. ನಲ್ಲಿಯ ನೀರಿಗೆ ಕಂಡಿಷನರ್ ಬೆರೆಸಿ ಲವಣ ಹಾಕಿದರೆ ಸಾಕು ಎಂದು ಕೈಪಿಡಿ ಹೇಳುತ್ತದೆ. ಕಂಡಿಷನರ್ ಕ್ಲೋರಿನ್ ತೆಗೆಯುತ್ತದೆ, ನಿಜ. ಆದರೆ ಫಾಸ್ಫೇಟ್, ಸಿಲಿಕೇಟ್, ನೈಟ್ರೇಟ್‌ಗಳು ನೀರಿನಲ್ಲೇ ಉಳಿಯುತ್ತವೆ. ಗಿಡಗಳಿರುವ ಸಿಹಿನೀರಿನ ತೊಟ್ಟಿಯಲ್ಲಿ ಇವು ಗೊಬ್ಬರದಂತೆ ಬಳಕೆಯಾಗುತ್ತಿದ್ದವು; ಗಿಡಗಳೇ ಇಲ್ಲದ ಹೊಸ ಉಪ್ಪುನೀರಿನ ತೊಟ್ಟಿಯಲ್ಲಿ ಇವು ಸೇರುವುದು ಪಾಚಿಯ ಹೊಟ್ಟೆಗೆ. ಕೈಪಿಡಿಯ ಮಾತು ನಂಬಿದ ನನ್ನ ತೊಟ್ಟಿಯಲ್ಲಿ ಮೂರನೆಯ ವಾರಕ್ಕೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಪದರ ಬಂತು, ಎರಡನೆಯ ತಿಂಗಳಿಗೆ ಕೂದಲಿನಂತಹ ಹಸಿರು ಪಾಚಿ ಬಂತು, ಬಿಳಿಯ ಮರಳು, ತಿಳಿ ಬಣ್ಣದ ಕಲ್ಲು ಎಲ್ಲವೂ ಮಸಿ ನುಂಗಿದ ಬಣ್ಣದಂತಾದವು. ಡಯಾಟಮ್ ಎಂಬುದು ಶುದ್ಧ ನೀರು ಬಳಸಿದವರನ್ನೂ ಆರಂಭದಲ್ಲಿ ಕೆಲವು ವಾರ ಕಾಡುತ್ತದೆ, ಅದರ ಪೂರ್ತಿ ದೋಷವನ್ನು ನಲ್ಲಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಅದು ತಾನಾಗಿ ಹೋಗಬೇಕಾದ ಹೊತ್ತಿನಲ್ಲಿ ಹೋಗದೆ, ವಾರಕ್ಕೊಮ್ಮೆ ನೀರು ಬದಲಿಸಿದಾಗಲೆಲ್ಲ ಮತ್ತೆ ಹುಲುಸಾಗುತ್ತಿದ್ದುದಕ್ಕೆ ಕಾರಣ ನಾನು ಸುರಿಯುತ್ತಿದ್ದ ನೀರೇ ಆಗಿತ್ತು. ಸ್ವಚ್ಛ ಮಾಡುತ್ತಿದ್ದೇನೆ ಎಂದುಕೊಂಡು ವಾರವಾರವೂ ಪಾಚಿಗೆ ಊಟ ಬಡಿಸುತ್ತಿದ್ದೆ.

ನಾಲ್ಕನೆಯ ತಿಂಗಳಲ್ಲಿ ಆರ್‌ಒ ಪೊರೆಯ ಜೊತೆಗೆ, ಅದು ಉಳಿಸಿದ ಲವಣಗಳನ್ನು ಹೀರಿಕೊಳ್ಳುವ ಡಿಅಯೊನೈಸೇಷನ್ ರಾಳದ ಕೊಳವೆಯೂ ಇರುವ ಘಟಕವೊಂದನ್ನು ಕೊಂಡೆ. ಪೆಟ್ಟಿಗೆಯ ಹೊರಗೆ ನಾನು ಮಾಡಿದ ಅತಿ ದೊಡ್ಡ ಖರ್ಚು ಅದೇ, ಅತಿ ಸಾರ್ಥಕವಾದದ್ದೂ ಅದೇ. ಹೊರಬರುವ ನೀರಿನ ಟಿಡಿಎಸ್ (ಕರಗಿರುವ ವಸ್ತುಗಳ ಒಟ್ಟು ಪ್ರಮಾಣ) ಸೊನ್ನೆ ಇರಬೇಕು. ಒಂದೆರಡಕ್ಕೆ ಏರಿತೆಂದರೆ ರಾಳ ಮುಗಿಯುತ್ತ ಬಂದಿದೆ ಎಂದರ್ಥ. ಮನೆಯಲ್ಲಿ ಕುಡಿಯುವ ನೀರಿನ ಆರ್‌ಒ ಯಂತ್ರ ಇರುವವರು ಅದರ ನೀರನ್ನೇ ಬಳಸಲು ಹೊರಟರೆ ಒಂದು ಎಚ್ಚರಿಕೆ: ಅಂಥ ಹಲವು ಯಂತ್ರಗಳು ರುಚಿಗಾಗಿ ಖನಿಜಗಳನ್ನು ಮತ್ತೆ ಬೆರೆಸುತ್ತವೆ. ಖನಿಜ ಸೇರುವ ಮೊದಲಿನ ನೀರನ್ನು ತೆಗೆದುಕೊಂಡು ರಾಳದ ಕೊಳವೆಯೊಂದನ್ನು ಮಾತ್ರ ಜೋಡಿಸಿಕೊಂಡರೆ ಖರ್ಚು ಬಹಳ ಇಳಿಯುತ್ತದೆ.

ಆರಂಭಿಸುವವರು ಎಡವುವ ಇನ್ನೊಂದು ಸಂಗತಿ ಕೈಪಿಡಿಯಲ್ಲಿ ಇಲ್ಲವೇ ಇಲ್ಲ. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲ. ಆದ್ದರಿಂದ ದಿನನಿತ್ಯ ಕಡಿಮೆಯಾದಷ್ಟನ್ನು ತುಂಬಬೇಕಾದದ್ದು ಶುದ್ಧ ಸಿಹಿನೀರಿನಿಂದ. ಉಪ್ಪುನೀರು ಬೇಕಾಗುವುದು ನೀರು ಬದಲಿಸುವಾಗ ಮಾತ್ರ. ಗಾಜಿನ ಹೊರಮೈಯಲ್ಲಿ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದುಕೊಂಡು ಪ್ರತಿದಿನ ಅಲ್ಲಿಗೆ ತುಂಬುವುದು ಖರ್ಚಿಲ್ಲದ ಕ್ರಮ. ತಾನಾಗಿ ತುಂಬುವ ಸಾಧನವನ್ನು ನಾನು ಇನ್ನೂ ಕೊಂಡಿಲ್ಲ, ಆದರೆ ಎರಡು ದಿನ ಮನೆ ಬಿಟ್ಟು ಹೋಗುವಾಗಲೆಲ್ಲ ಕೊಳ್ಳಬೇಕಿತ್ತು ಅನ್ನಿಸುತ್ತದೆ.

ಲವಣ ಪ್ರಮಾಣದಲ್ಲಿ ಕಡಿಮೆ ಇದ್ದರೂ ಗುಣದಲ್ಲಿ ಕೆಟ್ಟದ್ದಲ್ಲ ಎನ್ನಬೇಕು. 35ಕ್ಕೆ ಹೊಂದಿಸಿದಾಗ ಕ್ಷಾರೀಯತೆ 8 ಡಿಕೆಎಚ್ (ಕ್ಷಾರೀಯತೆಯ ಅಳತೆಯ ಮಾನ), ಕ್ಯಾಲ್ಸಿಯಂ ಲೀಟರಿಗೆ 410 ಮಿಲಿಗ್ರಾಂ ಆಸುಪಾಸು ಬಂತು, ಸಮುದ್ರಕ್ಕೆ ಹತ್ತಿರದ ಅಂಕಿಗಳೇ. ಮೃದು ಹವಳಗಳಿಗೆ ಇಷ್ಟು ಸಾಕು. ನೀರಿಗೆ ಲವಣ ಹಾಕಬೇಕು, ಲವಣದ ಮೇಲೆ ನೀರು ಸುರಿಯಬಾರದು. ಹಾಗೆ ಮಾಡಿದರೆ ಸಾಂದ್ರ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಕ್ಷಾರೀಯತೆ ಇಳಿದಾಗ ದುಬಾರಿ ಬಾಟಲಿಗಳ ಬದಲು ಅಡುಗೆ ಸೋಡಾ ಬಳಸಬಹುದು: 100 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸಲು 3 ಗ್ರಾಂ ಸಾಕು. ಶುದ್ಧ ನೀರಿನಲ್ಲಿ ಕರಗಿಸಿ ನಿಧಾನವಾಗಿ ಹನಿಸಬೇಕು, ಒಂದು ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಏರಿಸಬಾರದು.

ಪೆಟ್ಟಿಗೆಯಲ್ಲಿ ನನಗೆ ಅಚ್ಚರಿ ತಂದ ವಸ್ತು ದೀಪ. ಈ ಹವ್ಯಾಸದಲ್ಲಿ ಹೆಸರಾಂತ ದೀಪಗಳ ಬೆಲೆ ತೊಟ್ಟಿಯ ಬೆಲೆಗಿಂತ ಹಲವು ಪಟ್ಟು. ಮೂಗಿಗಿಂತ ಮೂಗುತಿ ಭಾರ ಎನ್ನುವ ಪರಿಸ್ಥಿತಿ. ಈ ಅಗ್ಗದ ದೀಪಕ್ಕೆ ಆಪ್ ಇಲ್ಲ, ಸೂರ್ಯೋದಯದ ನಟನೆ ಇಲ್ಲ. ಎರಡು ತಿರುಗುಗುಂಡಿಗಳು, ಸದ್ದು ಮಾಡುವ ಒಂದು ಫ್ಯಾನ್, ಅಷ್ಟೆ. ಆದರೆ ಹವಳದ ಅಂಗಾಂಶದೊಳಗೆ ವಾಸಿಸಿ ಅದಕ್ಕೆ ಆಹಾರ ಒದಗಿಸುವ ಝೂಕ್ಸಾಂಥೆಲ್ಲೆ ಪಾಚಿಗೆ ಮುಖ್ಯವಾಗಿ ಬೇಕಾದದ್ದು 400ರಿಂದ 480 ನ್ಯಾನೊಮೀಟರ್ ನಡುವಿನ ನೀಲಿ ಬೆಳಕು, ಅದನ್ನು ಇದು ಧಾರಾಳವಾಗಿ ಕೊಡುತ್ತದೆ. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಅಳೆಯುವ ಪಾರ್ ಮೀಟರನ್ನು ಎರವಲು ತಂದು ನೋಡಿದಾಗ ಕಲ್ಲಿನ ತುದಿಯಲ್ಲಿ 180, ಮರಳಿನ ಅಂಚಿನಲ್ಲಿ 60 ಬಂತು. ಮೃದು ಹವಳಗಳಿಗೂ ಯೂಫಿಲಿಯಾದಂತಹ ದೊಡ್ಡ ಪಾಲಿಪ್‌ಗಳ ಹವಳಗಳಿಗೂ 50ರಿಂದ 150 ಸಾಕಾಗುವುದರಿಂದ ನಾನು ಅದನ್ನು ಪೂರ್ತಿ ಉರಿಸಲೇ ಇಲ್ಲ. ಶೇ 25ರಿಂದ ಆರಂಭಿಸಿ ಆರು ವಾರಗಳಲ್ಲಿ ಶೇ 60ಕ್ಕೆ ಏರಿಸಿ ಅಲ್ಲಿಯೇ ನಿಲ್ಲಿಸಿದ್ದೇನೆ. ಸಿಹಿನೀರಿನ ಗಿಡಗಳಿಗೆಂದು ಇದ್ದ 6500 ಕೆಲ್ವಿನ್‌ನ ಹಳೆಯ ದೀಪದಲ್ಲೂ ಮಶ್ರೂಮ್ ಹವಳ ಬದುಕೀತು, ಆದರೆ ಹವಳದ ಬಣ್ಣ ಹೊಳೆಯುವುದಿಲ್ಲ. ಆ ಹಳದಿ-ಬಿಳಿ ಬೆಳಕಿನಲ್ಲಿ ಖುಷಿಪಡುವುದು ಹೆಚ್ಚಾಗಿ ಪಾಚಿ. ದೀಪವನ್ನು ತೊಟ್ಟಿಯ ಮೇಲೆ ಕೂರಿಸಲು ಕೊಟ್ಟ ಕಬ್ಬಿಣದ ಕಾಲುಗಳು ಮಾತ್ರ ಐದನೆಯ ತಿಂಗಳಿಗೆ ತುಕ್ಕು ಹಿಡಿದವು. ಉಪ್ಪುನೀರಿನ ಮೇಲೆ ಇಡುವ ವಸ್ತುವಿಗೆ ಕಬ್ಬಿಣ ಬಳಸಿದ ವಿನ್ಯಾಸಕಾರ ಕಡಲತೀರವನ್ನು ಕಂಡವರಿರಲಾರರು.

ವೇವ್‌ಮೇಕರ್ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಗಂಟೆಗೆ 3000 ಲೀಟರ್ ಎಂದರೆ ನನ್ನ ತೊಟ್ಟಿಯ ನೀರು ಮೂವತ್ತು ಸಲಕ್ಕೂ ಹೆಚ್ಚು ತಿರುಗಿದಂತೆ, ಮೃದು ಹವಳಗಳಿಗೆ ಬೇಕಾದ್ದಕ್ಕಿಂತ ತುಸು ಜಾಸ್ತಿಯೇ. ಆದರೆ ಅದನ್ನು ಗಾಜಿಗೆ ಹಿಡಿಸುವ ರಬ್ಬರ್ ಬಟ್ಟಲು ಒಂದು ರಾತ್ರಿ ಸಡಿಲಿ, ಯಂತ್ರ ಕೆಳಮುಖವಾಗಿ ಜಾರಿ, ಬೆಳಗಾಗುವಷ್ಟರಲ್ಲಿ ಮರಳೆಲ್ಲ ಒಂದು ಮೂಲೆಯಲ್ಲಿ ಗುಡ್ಡೆಯಾಗಿತ್ತು, ಝೊವಾಂಥಿಡ್ ಎಂಬ ಹವಳದಂತಹ ಜೀವಿಯ ಎರಡು ತುಂಡುಗಳು ಅದರಡಿ ಹೂತುಹೋಗಿದ್ದವು. ಆಯಸ್ಕಾಂತದ ಹಿಡಿಕೆ ಇರುವುದನ್ನು ಕೊಡಬೇಕಿತ್ತು. ವಿದ್ಯುತ್ ತಂತಿಯ ಬಗ್ಗೆಯೂ ಒಂದು ಮಾತು: ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಆದ್ದರಿಂದ ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಳುಕಿಸಿ ಬಿಟ್ಟರೆ ತಂತಿಗುಂಟ ಜಾರುವ ಹನಿ ಅಲ್ಲಿಯೇ ತೊಟ್ಟಿಕ್ಕುತ್ತದೆ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸ್ವಿಚ್ಚೂ ಇರಲೇಬೇಕು.

ಮರಳು ಚೆನ್ನಾಗಿದೆ, ತಳದಲ್ಲಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪಕ್ಕೆ ಬಂತು.

ಬ್ಯಾಕ್ಟೀರಿಯಾ ಬಾಟಲಿ ಕೆಲಸ ಮಾಡುವುದಿಲ್ಲ ಎನ್ನಲಾರೆ, ಆದರೆ ‘24 ಗಂಟೆಯಲ್ಲಿ ಮೀನು ಬಿಡಬಹುದು’ ಎಂಬ ಅದರ ಲೇಬಲ್ಲನ್ನು ಒಪ್ಪಲಾರೆ. ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಬದಲಿಸುವುದೇ ಈ ಬ್ಯಾಕ್ಟೀರಿಯಾಗಳ ಕೆಲಸ; ಅದನ್ನು ಪರೀಕ್ಷಿಸಲು ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು ಲೀಟರಿಗೆ 2 ಮಿಲಿಗ್ರಾಂಗೆ ಏರಿಸಿ ನೋಡಿದೆ. ಅದು ನೈಟ್ರೈಟ್ ಆಗಿ, ನೈಟ್ರೈಟ್ ಮತ್ತೆ ನೈಟ್ರೇಟ್ ಆಗಿ, ಅಮೋನಿಯಾ, ನೈಟ್ರೈಟ್ ಎರಡೂ ಒಂದೇ ದಿನದೊಳಗೆ ಸೊನ್ನೆಗೆ ಇಳಿಯುವ ಹಂತ ತಲುಪಲು ಐದು ವಾರ ಹಿಡಿಯಿತು. ಹಳೆಯ ಫಿಲ್ಟರಿನಲ್ಲಿದ್ದ ಸಿಹಿನೀರಿನ ಬ್ಯಾಕ್ಟೀರಿಯಾಗಳು ಏಕಾಏಕಿ ಉಪ್ಪಿಗೆ ಬಿದ್ದರೆ ಉಳಿಯುವುದಿಲ್ಲ, ಅವುಗಳನ್ನು ನೆಚ್ಚಿಕೊಳ್ಳಬಾರದು. ಸಿಹಿನೀರಿನಲ್ಲಿ ಅಮೋನಿಯಾ ತುಸು ಏರಿದರೂ ಮೀನು ತಡೆದುಕೊಂಡದ್ದನ್ನು ನೋಡಿದವರು ಇಲ್ಲಿ ಮೋಸಹೋಗುತ್ತಾರೆ: ಪಿಎಚ್ 7ರಲ್ಲಿ ಇರುವುದಕ್ಕಿಂತ 8.2ರಲ್ಲಿ ಅಮೋನಿಯಾದ ವಿಷಕಾರಿ ರೂಪದ ಪಾಲು ಹತ್ತು ಪಟ್ಟಿಗೂ ಹೆಚ್ಚು.

ಹಳೆಯ ಸಾಮಾನುಗಳಲ್ಲಿ ಗಾಜಿನ ತೊಟ್ಟಿ, ಹೀಟರ್ ಹಾಗೆಯೇ ಉಪಯೋಗಕ್ಕೆ ಬಂದವು. ಹಿಂದೊಮ್ಮೆ ಮೀನುಗಳ ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧ ಹಾಕಿದ್ದೆ. ಬಹಳ ಅಲ್ಪ ಪ್ರಮಾಣದ ತಾಮ್ರವೂ ಹವಳ, ಸೀಗಡಿ, ಬಸವನಹುಳುಗಳಿಗೆ ಮಾರಕವಾದ್ದರಿಂದ ತೊಟ್ಟಿಯನ್ನು ವಿನೆಗರಿನಲ್ಲಿ ಉಜ್ಜಿ, ನೀರು ತುಂಬಿಟ್ಟು ಚೆಲ್ಲಿ, ತಾಮ್ರದ ಪರೀಕ್ಷೆಯಲ್ಲಿ ಏನೂ ಕಾಣದಾದ ಮೇಲೆಯೇ ಮುಂದುವರಿದೆ. ಜಲ್ಲಿ, ಮರದ ಕೊರಡು, ಗಾಜಿನ ಮುಚ್ಚಳ ಹೊರಗೆ ಹೋದವು. ಮುಚ್ಚಳದ ಬದಲು ಬಲೆ ಬಂತು, ಏಕೆಂದರೆ ಉಪ್ಪುನೀರು ಅದೇ ಉಷ್ಣತೆಯ ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ, ಮೇಲ್ಮೈಗೆ ಗಾಳಿಯಾಡಬೇಕು. ತೊಟ್ಟಿಯ ಹಿಂಬದಿಗೆ ತೂಗುಹಾಕುವ ಫಿಲ್ಟರಿನಿಂದ ಸ್ಪಂಜು, ಸೆರಾಮಿಕ್ ಉಂಗುರಗಳನ್ನು ತೆಗೆದು ಇದ್ದಿಲು ಮತ್ತು ಒಂದು ಹಿಡಿ ಕೀಟೊಮಾರ್ಫಾ ಪಾಚಿ ತುಂಬಿ, ಪಕ್ಕದಲ್ಲಿ ಓದುವ ದೀಪವೊಂದನ್ನು ಹಚ್ಚಿಟ್ಟೆ. ಈ ಒಳ್ಳೆಯ ಪಾಚಿ ಬೆಳೆದಷ್ಟೂ ಕೆಟ್ಟ ಪಾಚಿಗೆ ಸಿಗಬೇಕಾದ ನೈಟ್ರೇಟ್, ಫಾಸ್ಫೇಟ್ ಕಡಿಮೆಯಾಗುತ್ತದೆ. ಇಡೀ ಪರಿವರ್ತನೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಕೆಲಸ ಇದು, ಇದಕ್ಕೆ ಖರ್ಚಾದದ್ದು ಬಹುತೇಕ ಏನೂ ಇಲ್ಲ.

ಪೆಟ್ಟಿಗೆಯಲ್ಲಿ ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಗಳ ನೊರೆಯಲ್ಲಿ ನೀರಿನ ಕೊಳೆಯನ್ನು ಎತ್ತಿ ತೆಗೆಯುವ ಸಾಧನ) ಇಲ್ಲ ಎಂದು ದೂರುವವರಿದ್ದಾರೆ, ನಾನು ದೂರುವುದಿಲ್ಲ. ಈ ಗಾತ್ರದಲ್ಲಿ ವಾರಕ್ಕೆ 10ರಿಂದ 15 ಲೀಟರ್ ನೀರು ಬದಲಿಸಿದರೆ ಅದೇ ಕೆಲಸ ಆಗುತ್ತದೆ. 1961ರಲ್ಲಿಯೇ ಇಂಡೊನೇಷ್ಯಾದ ಲೀ ಚಿನ್ ಎಂಗ್ ಅವರು ಸಮುದ್ರದ ಜೀವಂತ ಕಲ್ಲು (ಸೂಕ್ಷ್ಮಜೀವಿಗಳು ನೆಲೆಸಿರುವ ಕಲ್ಲು), ಗಾಳಿಗುಳ್ಳೆ, ಸೂರ್ಯನ ಬೆಳಕು ಇಷ್ಟನ್ನೇ ನೆಚ್ಚಿ ಹವಳ ಸಾಕಿದ ಕ್ರಮವನ್ನು ಬರೆದಿದ್ದರು. ಅವರ ತೊಟ್ಟಿಯ ಶಕ್ತಿಯಿದ್ದದ್ದು ಕಲ್ಲಿನಲ್ಲಿ, ಹಾಗಾಗಿ ನಾನು ಖರ್ಚನ್ನು ಅಲ್ಲಿಗೆ ತಿರುಗಿಸಿದೆ: 9 ಕಿಲೊ ಒಣ ಕಲ್ಲಿನ ನಡುವೆ 1 ಕಿಲೊ ಜೀವಂತ ಕಲ್ಲು. ಒಣ ಕಲ್ಲು ಅಗ್ಗ, ಅದರೊಂದಿಗೆ ಕೀಟಗಳು ಬರುವುದಿಲ್ಲ. ಜೀವಂತ ಕಲ್ಲಿನ ತುಂಡು ಹೆಪ್ಪು ಹಾಕಿದಂತೆ ಉಳಿದವುಗಳಿಗೆ ಬ್ಯಾಕ್ಟೀರಿಯಾ, ಸೂಕ್ಷ್ಮಜೀವಿಗಳನ್ನು ಹರಡುತ್ತದೆ. ಕಲ್ಲುಗಳನ್ನು ಮರಳು ಸುರಿಯುವ ಮೊದಲೇ ಗಾಜಿನ ತಳದ ಮೇಲೆ ಜೋಡಿಸಬೇಕು, ಇಲ್ಲವಾದರೆ ಮರಳು ಅಗೆಯುವ ಜೀವಿಗಳು ಗೋಪುರವನ್ನೇ ಉರುಳಿಸುತ್ತವೆ.

ಹವಳಗಳನ್ನು ಬೇರೆಯವರ ತೊಟ್ಟಿಯಲ್ಲಿ ಬೆಳೆದ ತುಂಡುಗಳಾಗಿಯೇ ತಂದೆ. ಗಟ್ಟಿ ಅಸ್ಥಿಯ ಹವಳಗಳೆಲ್ಲ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇರುವುದರಿಂದ ಗಡಿ ದಾಟಿ ಬರುವ ಪ್ರತಿ ತುಂಡಿಗೂ ಪರವಾನಗಿ ಬೇಕು, ಜೊತೆಗೆ ಪ್ರತಿ ದೇಶಕ್ಕೂ ಅದರದೇ ಕಾನೂನು ಇರುತ್ತದೆ. ಅದನ್ನು ತಿಳಿದುಕೊಳ್ಳದೆ ಕೊಳ್ಳಬಾರದು. ಈ ವಿಷಯವನ್ನೂ ಕೈಪಿಡಿ ಎತ್ತುವುದಿಲ್ಲ. ಅದಕ್ಕಿಂತ ಗಂಭೀರ ಲೋಪವೆಂದರೆ ‘ಆರಂಭಿಕರಿಗೆ ಸುಲಭ’ ಎಂದು ಝೊವಾಂಥಿಡ್, ಪಾಲಿಥೋವಾಗಳನ್ನು ಹೊಗಳಿ, ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಉಗ್ರ ವಿಷ ಹೊತ್ತಿರುತ್ತವೆ ಎಂಬುದನ್ನು ಹೇಳದಿರುವುದು. ಅವುಗಳನ್ನು ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕನ್ನಡಕ ಬೇಕು; ಅವು ಬೆಳೆದ ಕಲ್ಲನ್ನು ಶುದ್ಧಮಾಡಲೆಂದು ಎಂದಿಗೂ ಕುದಿಸಬಾರದು, ಆ ಹಬೆಯನ್ನು ಉಸಿರಾಡಿದವರು ಆಸ್ಪತ್ರೆ ಸೇರಿದ್ದುಂಟು. ಗ್ರೀನ್ ಸ್ಟಾರ್ ಪಾಲಿಪ್ ಮತ್ತು ಝೀನಿಯಾ ಎಂಬ ಮೃದು ಹವಳಗಳು ಸುಲಭ ಎಂಬುದು ನಿಜ, ಎಷ್ಟೆಂದರೆ ಅವನ್ನು ಒಂಟಿ ಕಲ್ಲಿನ ಮೇಲೆ ದೂರ ಇಡದಿದ್ದರೆ ತೊಟ್ಟಿಯೆಲ್ಲ ಅವುಗಳದೇ ಆಗುತ್ತದೆ.

ಈಗ ತೊಟ್ಟಿಯಲ್ಲಿ ಒಂದು ಜೋಡಿ ಆಸೆಲ್ಲಾರಿಸ್ ಕ್ಲೌನ್ ಮೀನು, ಆರು ಟ್ರೋಕಸ್ ಬಸವನಹುಳು, ಮೂರು ಸನ್ಯಾಸಿ ಏಡಿ, ಒಂಬತ್ತು ಬಗೆಯ ಮೃದು ಹವಳ ಮತ್ತು ಒಂದು ಯೂಫಿಲಿಯಾ ಇವೆ. ಏಳನೆಯ ತಿಂಗಳಲ್ಲಿ ಕಲ್ಲಿನ ಮೇಲೆ ಕೊರಲೈನ್ ಪಾಚಿಯ ನೇರಳೆ ಚುಕ್ಕೆಗಳು ಮೂಡಿದವು; ಹಸಿರು ಕೂದಲು ಪಾಚಿ ಹಿಂಬದಿಯ ಮೂಲೆಯೊಂದರಲ್ಲಿ ಇನ್ನೂ ಉಳಿದಿದೆ.

ಪೆಟ್ಟಿಗೆಯನ್ನು ಇಡಿಯಾಗಿ ಕೊಳ್ಳಿ ಎಂದು ನಾನು ಶಿಫಾರಸು ಮಾಡುವುದಿಲ್ಲ. ಅದೇ ನಮೂನೆಯ ದೀಪ, ಮರಳು, ಆಯಸ್ಕಾಂತದ ಹಿಡಿಕೆಯ ವೇವ್‌ಮೇಕರ್ ಇವುಗಳನ್ನು ಬಿಡಿಬಿಡಿಯಾಗಿ ಕೊಂಡು, ಹೈಡ್ರೋಮೀಟರ್, ಪರೀಕ್ಷಾ ಪಟ್ಟಿ, ಕಂಡಿಷನರ್‌ಗಳಿಗೆ ಹೋಗುವ ಹಣವನ್ನು ರಿಫ್ರ್ಯಾಕ್ಟೋಮೀಟರಿಗೂ ರಾಳದ ಕೊಳವೆಗೂ ಹಾಕುವುದು ಮೇಲು. ಈಗಾಗಲೇ ಕೊಂಡವರು ಚೀಲದ 3 ಕಿಲೊ ಲವಣವನ್ನು 80 ಲೀಟರ್ ನೀರಿಗೆ ಮಾತ್ರ ಬೆರೆಸಿ, ಉಳಿದದ್ದಕ್ಕೆ ಇನ್ನೊಂದು ಚೀಲ ತರಿಸಿಕೊಳ್ಳಬೇಕು. ಐದಕ್ಕೆ ಎರಡೂವರೆ ಅಂಕ ಕೊಡುತ್ತಿದ್ದೇನೆ. ಅದರಲ್ಲಿ ಒಂದೂವರೆ ದೀಪದ್ದು.